ಎಡಬದಿಯ ಜಾಗ ಒಪ್ಪಿಸಿದ ಶುಕ್ರವಾರ

ನಿಜಾಮರ ಕಾಲದಲ್ಲಿ ನಮಗೆ ವಾರದ ರಜೆ ಶುಕ್ರವಾರ. ಸಾಲಿ, ಕಚೇರಿ ಎರಡೂ ಬಂದ್. ಮಧ್ಯಾಹ್ನದ ನಮಾಜು ಮುಗಿದು ಬಿಸಿಲು ತುಸು ಇಳಿದ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರರಲ್ಲಿ ಒಂದು ಊರಿನಲ್ಲಿ ಫುಟ್‌ಬಾಲ್ ಇರುತ್ತಿತ್ತು. ಆಟವನ್ನು ನಮ್ಮ ಕಡೆಗೆ ತಂದದ್ದು ಲಿಂಗಸುಗೂರಿನ ದಂಡಿನ ಛಾವಣಿ. ಸಿಪಾಯಿಗಳು ಹೋದರು, ಆಟ ಉಳಿಯಿತು. ನಾನು ಸಿಂಧನೂರಿನ ತಂಡದಲ್ಲಿ ಗೋಲು ಕಾಯುತ್ತಿದ್ದೆ.

ನಮ್ಮನ್ನು ತಯಾರು ಮಾಡಿದವರು ಪಲ್ಟನ್ನಿನಿಂದ ಪಿಂಚಣಿ ಪಡೆದು ಬಂದ ಒಬ್ಬ ಹವಾಲ್ದಾರರು. ನಾವೆಲ್ಲ ಅವರನ್ನು ಉಸ್ತಾದ ಎನ್ನುತ್ತಿದ್ದೆವು. ಹೊತ್ತು ಹುಟ್ಟುವ ಮೊದಲೇ ಬಯಲಿನಲ್ಲಿ ಹಾಜರಿರಬೇಕು. ಮೊದಲು ಓಟ, ಆಮೇಲೆ ಕವಾಯತು, ಕೊನೆಗೆ ಚೆಂಡು. ತಡವಾಗಿ ಬಂದವನಿಗೆ ಅವತ್ತು ಚೆಂಡಿಲ್ಲ, ಗೆರೆಗೆ ಸುಣ್ಣ ಹಾಕುವ ಕೆಲಸ. ನನ್ನ ಬದುಕಿಗೆ ಒಂದು ಶಿಸ್ತು ಬಂದದ್ದು ಆ ಬಯಲಿನಿಂದ. ಇವತ್ತಿಗೂ ಕೋಳಿಗಿಂತ ಮುಂಚೆ ಏಳುತ್ತೇನೆ, ಅದಕ್ಕೆ ಅವರೇ ಕಾರಣ.

ಮೊದಮೊದಲು ಅದು ಬರೀ ಊರೂರುಗಳ ಮೋಜು. ವ್ಯಾಪಾರಸ್ಥರು ಸೇರಿ ಗೆದ್ದವರಿಗೆಂದು ಒಂದು ಬೆಳ್ಳಿಯ ಬಟ್ಟಲು ಮಾಡಿಸಿಟ್ಟ ಮೇಲೆ ಜನ ಬಂಡಿ ಕಟ್ಟಿಕೊಂಡು ನೋಡಲು ಬರತೊಡಗಿದರು. ಜನ ಬಂದಂತೆ ಆಟದ ಸುದ್ದಿಯೂ ದೂರ ಹೋಯಿತು. ರಾಯಚೂರಿನ ಹತ್ತಿ ಗಿರಣಿಗಳವರು ಬಂದು ಮರದ ನೆರಳಲ್ಲಿ ನಿಂತು ನೋಡುವರು. ಮುಂದಿನ ತಿಂಗಳು ನಮ್ಮಲ್ಲೊಬ್ಬ ಗಿರಣಿಯ ಆಳಾಗಿರುವನು. ಹೆಸರಿಗೆ ಗಿರಣಿ ಕೆಲಸ, ನಿಜವಾಗಿ ಅವರ ತಂಡಕ್ಕೆ ಆಡುವ ಕೆಲಸ. ಹೈದರಾಬಾದಿನವರು ಇನ್ನೂ ಒಳ್ಳೆಯವರನ್ನು ಒಯ್ಯುವರು. ಆಟ ಬೆಳೆದಷ್ಟೂ ನಮ್ಮ ತಂಡ ತೆಳ್ಳಗಾಗುತ್ತ ಹೋಯಿತು.

ಅಂಥದರಲ್ಲಿ ನಮ್ಮ ಎಡಬದಿಯ ಆಟಗಾರನಿಗೆ ಹೈದರಾಬಾದಿನ ಕರೆ ಬಂತು. ಜವಳಗೇರಾದ ಗೌಡರೊಬ್ಬರ ಮನೆಯಲ್ಲಿ ವರ್ಷದ ಆಳಾಗಿದ್ದವನ ಮಗ. ಎಡಗಾಲಿನಿಂದ ಚೆಂಡನ್ನು ದಾರ ಕಟ್ಟಿದ ಹಾಗೆ ಒಯ್ಯುತ್ತಿದ್ದ. ಇನ್ನೊಂದು ತಂಡದ ನೌಕರಿ ಒಪ್ಪಿಕೊಂಡವನು ಇಲ್ಲಿ ಆಡಬಾರದು ಎಂಬುದು ಮೂರೂ ಊರಿನ ಕರಾರು. ಆ ವರ್ಷ ನಮಗೆ ಉಳಿದದ್ದು ಮಸ್ಕಿಯ ಮೇಲಿನ ಒಂದೇ ಆಟ. ಅದರಲ್ಲಿ ಸೋತರೆ ನಾವು ಎಲ್ಲರಿಗಿಂತ ಕೆಳಗೆ. ಆಗ ಮುಂದಿನ ವರ್ಷ ನಮ್ಮ ಜಾಗ ಕಾದು ಕುಳಿತಿದ್ದ ಮಾನ್ವಿಯವರಿಗೆ. ಒಂದು ವರ್ಷ ಸುಮ್ಮನೆ ಕುಳಿತರೆ ಉಳಿದವರೂ ಚದುರಿಹೋಗುವರು, ಸಿಂಧನೂರಿಗೆ ತಂಡವೇ ಇರುವುದಿಲ್ಲ. ಇದು ನಮಗೆಲ್ಲ ಗೊತ್ತಿತ್ತು.

"ಒಂದು ತಿಂಗಳು ತಡದು ಹೋಗಂತ ಹೇಳ್ರೀ ಉಸ್ತಾದ," ಎಂದು ನಾನೇ ಮುಂದಾಗಿ ಕೇಳಿದೆ. "ಅವನಿಲ್ಲಂದ್ರ ಮಸ್ಕಿಯವ್ರು ನಮ್ಮನ್ನ ಹುರದು ಮುಕ್ಕತಾರ."

"ಮುಕ್ಕಲಿ ಬಿಡು," ಎಂದರು. "ಅವನ ಅನ್ನಕ್ಕ ಅಡ್ಡ ನಿಂತು ಗೆದ್ದರ ಆ ಬಟ್ಟಲದಾಗ ನೀ ಏನು ಕುಡಿತೀ?"

ಆಮೇಲೆ ಅವನ ಕಡೆ ತಿರುಗಿ, "ಹೋಗು ಬೇಟಾ. ಆದರ ನಿನ್ನ ಜಾಗ ಒಪ್ಪಿಸಿ ಹೋಗು," ಎಂದರು.

ಒಪ್ಪಿಸುವುದು ನಮ್ಮ ಕಡೆಯ ಒಕ್ಕಲುತನದ ಮಾತು. ಯುಗಾದಿಗೆ ವರ್ಷದ ಆಳು ಬದಲಾಗುವಾಗ ಹಳೆಯವನು ಹೊಸಬನನ್ನು ಕರೆದುಕೊಂಡು ಹೊಲ ಸುತ್ತುತ್ತಾನೆ. ಯಾವ ಎತ್ತು ಹಾಯುತ್ತದೆ, ಎಲ್ಲಿ ಬದು ಒಡೆಯುತ್ತದೆ, ಎಲ್ಲವನ್ನೂ ತೋರಿಸಿ ಕೊಡುತ್ತಾನೆ. ಹೊಸಬನು ಮೊದಲ ವರ್ಷ ಹಳೆಯವನ ಪದ್ಧತಿ ಒಂದನ್ನೂ ಬದಲಿಸುವುದಿಲ್ಲ. ತಂಡ ಬಿಡುವವರಿಗೆಲ್ಲ ಉಸ್ತಾದರು ಇದೇ ಕಾಯಿದೆ ಮಾಡಿದ್ದರು.

ಜಾಗ ಒಪ್ಪಿಸಿಕೊಳ್ಳಲು ಬಂದವನು ಪಾಮನಕಲ್ಲೂರಿನವನು, ಸಿಂಧನೂರಿನ ಅಡತಿ ಅಂಗಡಿಯಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಚೀಲ, ಹೊರುತ್ತಿದ್ದ. ಮೈಯಲ್ಲಿ ಕಸುವಿತ್ತು, ಮಾತು ಕಡಿಮೆ. ಹೊರಡುವವನು ದಿನಾ ಬೆಳಿಗ್ಗೆ ಅವನನ್ನು ಎಡಗೆರೆಯ ಗುಂಟ ಓಡಿಸಿದ. ಎರೆಭೂಮಿ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಚೆಂಡು ಪುಟಿಯುವುದಿಲ್ಲ, ಮಸ್ಕಿಯ ಯಾವ ಆಟಗಾರ ಅಡ್ಡಗಾಲು ಕೊಡುತ್ತಾನೆ, ಎಲ್ಲ ಹೇಳಿಕೊಟ್ಟ. ಅವರಿಬ್ಬರನ್ನು ನೋಡಿ ನನಗೆ ಧೈರ್ಯ ಬಂತು.

ಆ ಧೈರ್ಯ ಆಟದ ದಿನ ಅರ್ಧ ಹೊತ್ತೂ ನಿಲ್ಲಲಿಲ್ಲ. ಮಸ್ಕಿಯವರು ಬೇಗನೆ ಒಂದು ಗೋಲು ಹೊಡೆದರು. ಚೆಂಡು ನನ್ನ ಬೆರಳನ್ನು ಸವರಿ ಒಳಗೆ ಹೋಯಿತು. ನಮ್ಮ ಹೊಸಬನ ಆಟ ನೋಡಲಾಗುತ್ತಿರಲಿಲ್ಲ. ಚೆಂಡು ಸಿಕ್ಕಾಗಲೆಲ್ಲ ಎಡಗಾಲಿನಿಂದ ಹೊಡೆಯುವನು, ಅದು ಸೊಟ್ಟಗೆ ಹೋಗಿ ಜನರ ನಡುವೆ ಬೀಳುವುದು. "ಲೇ, ಅಂಡಿಗಿ ಹೊರಾಕ ಹೋಗಲೇ!" ಎಂದು ಮಸ್ಕಿಯವರು ಕೂಗಿದರು.

ವಿರಾಮದಲ್ಲಿ ಉಸ್ತಾದರು ಅವನ ಎದುರು ಕುಕ್ಕರಗಾಲಲ್ಲಿ ಕುಳಿತು, "ಬಲಗಾಲಿಗೆ ಏನಾಗ್ಯದ? ನೋವದೇನು?" ಎಂದು ಕೇಳಿದರು.

"ಇಲ್ರೀ. ಬಲಗಾಲೇ ನನ್ನ ಗಟ್ಟಿ ಕಾಲು," ಎಂದ ಆತ.

"ಮತ್ತ?"

"ಅಣ್ಣ ಎಡಗಾಲಿಲೆ ಹೊಡಿತಿದ್ದಲ್ರೀ. ಅವನ ಜಾಗ ಒಪ್ಪಿಸ್ಕೊಂಡೀನಿ. ನನ್ನ ಪದ್ಧತಿ ಹೆಂಗ ಹಚ್ಚಲಿ?"

ಗೆರೆಯ ಹೊರಗೆ ನಿಂತಿದ್ದ ಹೊರಡುವವನೇ ಮೊದಲು ನಕ್ಕ. "ಹೊಲ ಒಪ್ಪಿಸೀನಿ ತಮ್ಮಾ, ನನ್ನ ಕಾಲು ಯಾವಾಗ ಒಪ್ಪಿಸಿದೆ? ಅದನ್ನ ಹೈದರಾಬಾದಿಗೆ ಒಯ್ಯಬೇಕಾಗ್ಯದ!" ಎಂದ. ಉಸ್ತಾದರೂ ನಕ್ಕರು. ಅವರು ಮೈದಾನದಲ್ಲಿ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಿನ್ನ ಕಾಲಿಲೇ ಆಡು," ಎಂದಷ್ಟೇ ಹೇಳಿ ಎದ್ದರು.

ಮಸ್ಕಿಯವರು ಅಷ್ಟು ಹೊತ್ತಿಗೆ ಅವನನ್ನು ಎಡಗಾಲಿನವನೆಂದು ಲೆಕ್ಕ ಹಾಕಿ ಹೊರಗೆರೆಯನ್ನೇ ಕಾಯುತ್ತಿದ್ದರು. ಇವನು ಚೆಂಡು ತೆಗೆದುಕೊಂಡು ಒಳಕ್ಕೆ ತಿರುಗಿದ. ಕಾವಲಿದ್ದವರು ಅತ್ತ ಹೊರಳುವುದರೊಳಗೆ ಬಲಗಾಲು ಬೀಸಿದ. ನಾನು ಈ ತುದಿಯಲ್ಲಿದ್ದೆ. ಚೆಂಡು ಒಳಗೆ ಹೋದದ್ದು ನನಗೆ ಕಾಣಲಿಲ್ಲ, ನಮ್ಮ ಜನ ತಲೆಯ ಪಟಕ ಬಿಚ್ಚಿ ತೂರಿದ್ದು ಕಂಡಿತು. ಆಮೇಲೆ ಮಸ್ಕಿಯವರು ನನ್ನ ಮೇಲೆ ಏರಿ ಬಂದರು. ಮೈ ಕೈ ತರಚಿತು, ಚೆಂಡು ಮಾತ್ರ ಒಳಗೆ ಬಿಡಲಿಲ್ಲ. ಆಟ ಸಮವಾಯಿತು. ನಮಗೆ ಅಷ್ಟು ಸಾಕಾಗಿತ್ತು, ಸಿಂಧನೂರಿನ ಜಾಗ ಉಳಿಯಿತು.

ಆ ಮೇಲೂ ನಮ್ಮವರು ಹೋಗುವುದು ನಿಲ್ಲಲಿಲ್ಲ. ಆದರೆ ಅವರನ್ನು ಕಳ್ಳರು ಕದ್ದೊಯ್ದ ಮಾಲಿನಂತೆ ಎಣಿಸುವುದನ್ನು ನಾನು ಬಿಟ್ಟೆ. ಹೋದವರಿಂದ ನಮಗೆ ಬಂದದ್ದು ಬಹಳ, ಉಸ್ತಾದರಿಂದ ಬಂದದ್ದು ಅದಕ್ಕೂ ಹೆಚ್ಚು. ಅವರು ಅಂದು ಒಬ್ಬನನ್ನು ಕಟ್ಟಿಹಾಕಿದ್ದರೆ ಒಂದು ಆಟ ಗೆಲ್ಲುತ್ತಿದ್ದೆವೇನೋ, ಮರುವರ್ಷ ನಮ್ಮ ಕಡೆ ಆಡಲು ಯಾರೂ ಬರುತ್ತಿರಲಿಲ್ಲ.

ಆ ಆಟದ ಮರುದಿನ ಬೆಳಿಗ್ಗೆ ಓಟ ಮುಗಿಸಿ ನಾವೆಲ್ಲ, ಹೈದರಾಬಾದಿನ ರೈಲಿಗೆಂದು ರಾಯಚೂರಿಗೆ ಹೋಗುವ ಮೋಟಾರಿನ ಹತ್ತಿರ ಹೋದೆವು. ಹೊರಟವನು ಹತ್ತಿ ಕುಳಿತ, ಅವನ ಅಪ್ಪ ಕಿಟಕಿಯ ಕೆಳಗೆ ನಿಂತಿದ್ದ. ಗೌಡರ ಮನೆಯ ಕೆಲಸಕ್ಕೆ ಹೊತ್ತಾಗುತ್ತದೆಂದು ಅಪ್ಪ ಅವಸರ ಮಾಡುತ್ತಿದ್ದ, ಹೋಗುತ್ತಲೂ ಇರಲಿಲ್ಲ. ಮೋಟಾರು ಹೊರಟಾಗ ಪಾಮನಕಲ್ಲೂರಿನವನು ಮುಂದೆ ಬಂದು, "ನಡೀ ಕಾಕಾ, ಅಣ್ಣನ ಜಾಗದಾಗ ನಾ ನಿನ್ನ ಜೊತಿ ಬರ್ತೀನಿ," ಎಂದು ಜವಳಗೇರಾದ ದಾರಿ ಹಿಡಿದ.