ಇಳಿಯುತ್ತಿದ್ದ ಗೆರೆ

ಲೋಕದಲ್ಲಿ ಎಲ್ಲಕ್ಕೂ ಏರುಗಾಲ, ಇಳಿಗಾಲ ಎಂದು ಎರಡಿರುತ್ತವೆ. ನಮ್ಮ ಆಫೀಸಿನಲ್ಲಿ ಮಾತ್ರ ಇಳಿಗಾಲವೊಂದೇ ಇತ್ತು; ಅದನ್ನು ತಯಾರಿಸುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ಸದಾನಂದಣ್ಣ, ಆ ಸಂಜೆ ನಿಮ್ಮ ಹೋಟೆಲಿನಲ್ಲಿ ಕೂತು ನಾನು ನಿಮಗೆ ಮೋಸ ಮಾಡಿದೆ. ಸುಳ್ಳು ಹೇಳಲಿಲ್ಲ — ಅದಕ್ಕಿಂತ ಅಚ್ಚುಕಟ್ಟಾದ ಕೆಲಸ ಮಾಡಿದೆ.

ಬೇರೆ ಓದುಗರಿಗೂ ತಿಳಿಯಲೆಂದು ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಪರೇಲಿನಲ್ಲಿದ್ದ ನಮ್ಮ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ನನ್ನ ಕೆಲಸ ಗ್ರಾಫು ಬರೆಯುವುದು: ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವಾಗ ವರ್ಷವರ್ಷ ಎಷ್ಟು ಇಂಗಾಲದ ಅನಿಲ ಆಕಾಶಕ್ಕೆ ಹೋಯಿತು ಎಂದು. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಆಚೆಗಿನ ಹಳೆಯ ವಿದ್ಯುತ್ ಘಟಕವನ್ನು ಮುಚ್ಚುವ ಕಾಲ ಬಂದಿತ್ತು. ಕಂಪನಿಗೆ ಅದನ್ನು ಇನ್ನಷ್ಟು ವರ್ಷ ಓಡಿಸುವ ಆಸೆ. ಮರುದಿನ ಜನರ ಅಹವಾಲು ಕೇಳುವ ಸಭೆ. ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಪರವಾಗಿ ವಿರೋಧ ಹೇಳಬೇಕಾದವರು ನೀವು. ನಿಮ್ಮ ಹೆಂಡತಿ ವನಜಕ್ಕನಿಗೆ ಆಗಲೇ ಉಬ್ಬಸ. ಮಾತಿನ ನಡುವೆ ನಿಂತು ನಿಂತು ಉಸಿರು ಹುಡುಕುತ್ತಿದ್ದರು.

"ರಾಯರೇ, ನೀವು ಒಳಗಿನ ಜನ," ಎಂದಿರಿ ನೀವು. "ಹೊಗೆ ಏರ್ತಾ ಉಂಟಾ, ಇಳೀತಾ ಉಂಟಾ? ಇಳೀತಾ ಇದ್ರೆ ನಾನು ಸುಮ್ಮನೆ ಗಲಾಟೆ ಮಾಡುವವನಲ್ಲ."

ನಾನು ಗ್ರಾಫು ಬಿಡಿಸಿ ತೋರಿಸಿದೆ. "ಇಳೀಲಿಕ್ಕತ್ತದರಿ, ಸದಾನಂದಣ್ಣ. ನೋಡ್ರಿ."

ವನಜಕ್ಕ ಬಗ್ಗಿ ನೋಡಿದರು. "ಕಾಗದದಲ್ಲಿ ಚಂದ ಇಳಿದಿದೆ ರಾಯರೇ. ನನ್ನ ಎದೆಗೆ ಇದನ್ನು ಯಾರು ಓದಿ ಹೇಳುವುದು?"

"ನೀ ಸುಮ್ನಿರು ಮಾರಾಯ್ತಿ," ಎಂದು ನೀವು ಗದರಿದಿರಿ. "ಓದಿದವರು ಹೇಳ್ತಿದ್ದಾರೆ."

ಆ ಗೆರೆ ಇಳಿಯುತ್ತಿದ್ದದ್ದು ನಿಜ. ಆದರೆ ಅದು ಒಂದೊಂದು ಯೂನಿಟ್ ಕರೆಂಟಿನ ಲೆಕ್ಕ. ನಿಮ್ಮ ಹೋಟೆಲಿನ ಭಾಷೆಯಲ್ಲಿ — ಒಂದು ಇಡ್ಲಿಗೆ ತಗಲುವ ಗ್ಯಾಸು ಕಡಿಮೆಯಾಗಿತ್ತು. ಇಡ್ಲಿಗಳೇ ಬಹಳ ಹೆಚ್ಚಾದ್ದರಿಂದ ಸಿಲಿಂಡರುಗಳು ಮೊದಲಿಗಿಂತ ಜಾಸ್ತಿ ಖಾಲಿಯಾಗುತ್ತಿದ್ದವು. ಒಟ್ಟು ಲೆಕ್ಕದ ಗೆರೆ ಬೇರೆ ಇತ್ತು. ಅದು ಏರುತ್ತಿತ್ತು. ಅದನ್ನೂ ನಾನೇ ಬರೆದಿದ್ದೆ. ಹೀಗೆ ಹೇಳಿದ್ದರೆ ನಿಮಗೆ ಅರೆಕ್ಷಣದಲ್ಲಿ ತಿಳಿಯುತ್ತಿತ್ತು — ಅದಕ್ಕೇ ಹೇಳಲಿಲ್ಲ.

ಇನ್ನೂ ಒಂದಿದೆ. ನನ್ನ ಗ್ರಾಫಿನಲ್ಲಿದ್ದದ್ದು ಕಣ್ಣಿಗೆ ಕಾಣದ ಅನಿಲ. ವನಜಕ್ಕನ ಎದೆಗೆ ಇಳಿಯುತ್ತಿದ್ದದ್ದು ಬೂದಿ, ಮಸಿ. ನೀವು ಎರಡನ್ನೂ ಹೊಗೆ ಎಂದಿರಿ, ನಾನು ತಿದ್ದಲಿಲ್ಲ. ಕಂಡವರ ಉಚ್ಚಾರವನ್ನೆಲ್ಲ ತಿದ್ದುತ್ತಾ ಬಂದವನು, ಅವತ್ತು ಮಾತ್ರ —

ಯಾಕೆ? ಉತ್ತರ ಬಹಳ ಸಣ್ಣದು. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಘಟಕ ಮುಂದುವರಿದರೆ ನನ್ನನ್ನೂ ಮುಂದುವರಿಸುವುದಾಗಿ ಸಾಹೇಬರು ಹೇಳಿದ್ದರು. ಹಳೆಯ ಬಾಯ್ಲರಿಗೂ ಹಳೆಯ ಗುಮಾಸ್ತನಿಗೂ ಒಂದೇ ಆದೇಶದಲ್ಲಿ ಆಯುಷ್ಯ ಹೆಚ್ಚಿಸುವ ಯೋಜನೆ. ಮನೆಯಲ್ಲಿ ಕಷ್ಟವೇನೂ ಇರಲಿಲ್ಲ. ಬೆಳಗ್ಗೆ ಎದ್ದು ಲೋಕಲ್ ರೈಲು ಹಿಡಿಯುವ ಗೌರವ ತಪ್ಪಿಹೋಗುತ್ತದಲ್ಲ ಎಂಬ ಹೆದರಿಕೆ, ಅಷ್ಟೆ.

ಸಭೆಯಲ್ಲಿ ನೀವು ಎದ್ದು ನಿಂತಿರಿ. ಹಿಂದಿನ ಸಾಲಿನಲ್ಲಿ ನಾನಿದ್ದೆ. "ಅಪನಾ ಆದ್ಮಿ ಅಂದರ್ ಹೈ ಸಾಹೇಬ್. ಧುವಾಂ ಕಮ್ ಹೋ ರಹಾ ಹೈ. ಹಮಾರಾ ವಿರೋಧ್ ನಹೀಂ," ಎಂದು ಹಿಂದಿಯಲ್ಲಿ ಹೇಳಿ ಕೂತಿರಿ — ನಮ್ಮವರೇ ಒಳಗಿದ್ದಾರೆ, ಹೊಗೆ ಕಡಿಮೆಯಾಗುತ್ತಿದೆ, ನಮ್ಮ ವಿರೋಧವಿಲ್ಲ ಎಂದು. ನಿಮ್ಮನ್ನು ನೋಡಿ ಇಡೀ ಕಾಲೊನಿ ಸುಮ್ಮನಾಯಿತು. ಹೊರಗೆ ಬಂದಮೇಲೆ ನೀವು ನನ್ನ ಕೈ ಹಿಡಿದು — ಥ್ಯಾಂಕ್ಸ್ ಎಂದಿರಿ. ಕೈ ಬಿಡಿಸಿಕೊಳ್ಳಬಹುದಿತ್ತು. ಬಿಡಿಸಿಕೊಳ್ಳಲಿಲ್ಲ.

ವನಜಕ್ಕನಿಗೆ ಆದದ್ದಕ್ಕೆ ಆ ಹೊಗೆಯೇ ಕಾರಣವೆಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆ ಮಾತಿನ ಹಿಂದೆ ಅಡಗಿಕೊಳ್ಳುವ ಹಕ್ಕು ನನಗಿಲ್ಲ. ಕ್ಷಮಿಸಿ ಎಂದು ಕೇಳಿದರೆ ಅದೂ ನನಗಾಗಿ ಕೇಳಿದಂತಾಗುತ್ತದೆ, ಕೇಳುವುದಿಲ್ಲ.

ಘಟಕಕ್ಕೆ ಅನುಮತಿ ಸಿಕ್ಕಿತು. ನನಗೆ ಎರಡು ವರ್ಷ ಸಿಕ್ಕಿತು. ಅದು ಮುಗಿಯುವ ಮೊದಲೇ ವನಜಕ್ಕ ತೀರಿಕೊಂಡರು.