ಪಕ್ಕದ ಮನೆಯ ತ್ರೀ ನಾಟ್ ತ್ರೀ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ವರ್ಷ ಅದಕ್ಕೆ ಕಾರಣವೂ ಇತ್ತು. ಅಮೆರಿಕದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ಟೂಲಿಂಗ್ ಎಂಜಿನಿಯರ್ ಆಗಿದ್ದ ನನ್ನನ್ನು ರಿಸೆಶನ್ ಶುರುವಾದ ಕೂಡಲೇ ಮನೆಗೆ ಕಳಿಸಿದ್ದರು. ಬೆಳಿಗ್ಗೆ ಎರಡು ಗಂಟೆ ಕೆಲಸಕ್ಕೆ ಅಪ್ಲೈ ಮಾಡುವುದು, ಉಳಿದ ಹೊತ್ತು ಹೆಂಡತಿ ಡಿಶ್‌ವಾಷರಿನಲ್ಲಿ ಪಾತ್ರೆ ಜೋಡಿಸಿದ ರೀತಿಯಲ್ಲಿ ತಪ್ಪು ಹುಡುಕುವುದು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಬರುವ ಅವಳಿಗೆ ನನ್ನ ಮುಖ ನೋಡಿ ನೋಡಿ ಸಾಕಾಗಿಹೋಗಿತ್ತು.

ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜ ಒಬ್ಬರೇ ಇದ್ದರು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕಂಬಳಿಯಲ್ಲಿ ಸುತ್ತಿದ್ದ ಏನನ್ನೋ ಹೊತ್ತು ತಂದು ನಮ್ಮ ಗರಾಜಿನ ಮೇಜಿನ ಮೇಲೆ ಬಿಚ್ಚಿದರು. ನೋಡಿದೊಡನೆ ಗುರುತು ಹತ್ತಿತು. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ತಡವಾಗಿ ಹೋದಾಗಲೆಲ್ಲ ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತಿದ್ದ ಅದೇ ತ್ರೀ ನಾಟ್ ತ್ರೀ ರೈಫಲ್. ಆದರೆ ನಳಿಗೆಯನ್ನು ಮೂತಿಯವರೆಗೂ ಮುಚ್ಚಿರಬೇಕಾದ ಮರ ಅರ್ಧಕ್ಕೇ ತುಂಡಾಗಿತ್ತು. ಹಿಡಿಕೆಯ ತುದಿಗಿದ್ದ ಹಿತ್ತಾಳೆ ಪಟ್ಟಿ ಕಾಡಿಗೆಯಷ್ಟು ಕಪ್ಪಾಗಿತ್ತು.

"ಯಾವ ದಡ್ಡ ಕೊಯ್ದಿದ್ದು ಇದನ್ನ?" ಎಂದು ಕೇಳಿಬಿಟ್ಟೆ.

"ನಾನೇ," ಎಂದರು ಅಜ್ಜ.

ಅದು ಅವರ ತಂದೆಯದು. ಕೆನಡಾದ ಸೈನ್ಯದಲ್ಲಿ ಮೊದಲ ಮಹಾಯುದ್ಧ ಮುಗಿಸಿ ಬಂದ ತಂದೆ, ತಾನು ಹೊತ್ತಂಥದೇ ಒಂದನ್ನು ಹುಡುಕಿ ಕೊಂಡಿದ್ದರಂತೆ. ಹದಿನೇಳರ ವಯಸ್ಸಿನಲ್ಲಿ ಇವರು ಜಿಂಕೆ ಬೇಟೆಗೆ ಹಗುರವಾಗಲಿ ಎಂದು ಯಾರನ್ನೂ ಕೇಳದೆ ಗರಗಸ ಹಾಕಿದರು. ತಂದೆ ಏನೂ ಅನ್ನಲಿಲ್ಲ. ಅಣ್ಣ ಮಾತ್ರ ಕ್ಷಮಿಸಲಿಲ್ಲ. ಆ ಅಣ್ಣನಿಗೆ ಈಗ ಎಂಬತ್ತಾರು, ಷಿಕಾಗೋ ಕಡೆ ಲಿಸ್ಲ್‌ನಲ್ಲಿ ವಾಸ. ವರ್ಷಕ್ಕೊಮ್ಮೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತಾರೆ, ಉಂಡು ಸಂಜೆಯ ಟ್ರೈನಿಗೆ ಹೊರಟುಬಿಡುತ್ತಾರೆ.

"ಅರವತ್ತು ವರ್ಷದಲ್ಲಿ ಒಂದು ರಾತ್ರೀನೂ ಅವನು ನನ್ನ ಮನೇಲಿ ಮಲಗಿಲ್ಲ," ಎಂದರು ಅಜ್ಜ. "ಇದು ಮೊದಲಿನ ಹಾಗಾದ್ರೆ ಒಂದು ರಾತ್ರಿ ಉಳೀಬಹುದು. ನಿನ್ನ ಕೈಲಿ ಆಗುತ್ತಾ?"

ನನ್ನ ಕೈಲಿ ಆಗುತ್ತಾ ಎಂದು ಕೇಳಿದವರಿಗೆ ಆಗಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಒಪ್ಪಿಕೊಂಡೆ.

ಹೆಂಡತಿ ಉರಿದುಬಿದ್ದಳು. "ರೀ, ಕೆಲಸ ಹುಡುಕಿ ಅಂದ್ರೆ ಕೋವಿ ತಂದು ಇಟ್ಕೊಂಡಿದೀರಲ್ಲ."

"ಬೆಳಿಗ್ಗೆ ತಾನೇ ಮೂರು ಕಡೆ ಅಪ್ಲೈ ಮಾಡಿದೀನಿ ಕಣೆ. ಇನ್ನೇನು ನಾನೇ ಹೋಗಿ ಅವರ ಬಾಗಿಲು ತಟ್ಲಾ?"

ಗುಂಡು ಹಾರಿಸಲು ಬೇಕಾದ ಬೋಲ್ಟ್ ಅಜ್ಜನ ಮನೆಯಲ್ಲೇ ಬೀಗದೊಳಗೆ ಇರಬೇಕು ಎಂಬ ಷರತ್ತಿನ ಮೇಲೆ ಅವಳು ಸುಮ್ಮನಾದಳು.

ಹಿಡಿಕೆ ಬಿರಿದುಹೋಗಿದ್ದ, ಆದರೆ ಮುಂಭಾಗ ಗಟ್ಟಿಯಾಗಿದ್ದ ಅದೇ ಕಾಲದ ಇನ್ನೊಂದು ರೈಫಲಿನ ಮರವನ್ನು ಅಜ್ಜನೇ ಎಲ್ಲಿಂದಲೋ ಹುಡುಕಿ ತಂದರು. ಅದರಿಂದ ಬೇಕಾದಷ್ಟು ತುಂಡು ಕೊಯ್ದು ಹಳೆಯದಕ್ಕೆ ಕೂಡಿಸಬೇಕು, ಬೆಸುಗೆ ಮರವನ್ನೂ ನಳಿಗೆಯನ್ನೂ ಬಿಗಿಯುವ ಉಕ್ಕಿನ ಪಟ್ಟಿಯ ಅಡಿಗೆ ಬರಬೇಕು, ಮರದ ಎಳೆಗೆ ಎಳೆ ಸೇರಬೇಕು. ಕೂದಲೆಳೆಯಷ್ಟು ತಪ್ಪಿದರೂ ನಳಿಗೆ ಸೊಟ್ಟಗೆ ಕೂರುತ್ತದೆ. ಮೂರು ವಾರ ಬರೀ ಉಜ್ಜಿದೆ, ಅಳೆದೆ, ಬೈದುಕೊಂಡೆ. ಕೊನೆಗೆ ಅಂಟು ಹಾಕುವ ದಿನ ಗರಾಜಿನಲ್ಲಿ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಒಳ್ಳೆ ಚಳಿ. ಅಂಟಿಗೆ ಎಪ್ಪತ್ತು ಬೇಕು. ಹಾಗಾಗಿ ಅಡುಗೆಮನೆಗೆ ತಂದು, ಹೆಂಡತಿಯ ಲಂಗದ ಲಾಡಿಯಿಂದ ಬಿಗಿದು, ಎರಡು ದಿನ ಒಲೆಯ ಪಕ್ಕ ನಿಲ್ಲಿಸಿದೆ. ಬಿಚ್ಚಿದಾಗ ಉಗುರು ಆಡಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ. ದಿನಾ ಅಗಸೆ ಎಣ್ಣೆ ಹಚ್ಚಿ ಅಂಗೈಯಿಂದ ತಿಕ್ಕಿ ಬಣ್ಣವನ್ನೂ ಕೂಡಿಸಿದೆ. ನನ್ನ ಬೆನ್ನನ್ನು ನಾನೇ ಎಷ್ಟು ಸಲ ತಟ್ಟಿಕೊಂಡೆನೋ ಲೆಕ್ಕವಿಲ್ಲ.

ಆ ಹುಮ್ಮಸ್ಸಿನಲ್ಲೇ ಆಯುಧಪೂಜೆ ಬಂತು. ಮೈಸೂರಿನವನ ಮನೆಯಲ್ಲಿ ನಿಜವಾದ ಆಯುಧ ಇರುವಾಗ ಬರೀ ಕಾರಿಗೂ ಡ್ರಿಲ್ಲಿಗೂ ಕುಂಕುಮ ಹಚ್ಚುವುದೇ? ಹಿಂದಿನ ದಿನ ದೇವರ ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ಬೆಳಗುತ್ತಾ ಕೂತಿದ್ದೆ. ರೈಫಲಿನ ಕಪ್ಪು ಹಿತ್ತಾಳೆ ಪಟ್ಟಿ ಕಣ್ಣಿಗೆ ಚುಚ್ಚಿತು. ಎರಡು ಸ್ಕ್ರೂ ಬಿಚ್ಚಿ, ಅದನ್ನೂ ದೀಪದ ಕಂಬಗಳ ಜೊತೆ ತಿಕ್ಕಿ ತೊಳೆದುಬಿಟ್ಟೆ. ಚಿನ್ನದ ಹಾಗೆ ಹೊಳೆಯಿತು.

ಮರುದಿನ ಅಜ್ಜನನ್ನು ಪೂಜೆಗೆ ಕರೆದೆ. ಬೂದುಗುಂಬಳದ ಬದಲು ಹ್ಯಾಲೊವೀನ್ ಕುಂಬಳಕಾಯಿ, ಟೈರಿನಡಿಗೆ ನಿಂಬೆಹಣ್ಣು, ಮೇಜಿನ ಮೇಲೆ ಹೂ ಏರಿಸಿಕೊಂಡ ರೈಫಲ್. ಅವರು ಮರದ ಉದ್ದಕ್ಕೂ ಕೈಯಾಡಿಸಿ ನಗುತ್ತಾ ಹಿಡಿಕೆಯ ತುದಿಗೆ ಬಂದರು. ನಗು ಅಲ್ಲಿಗೇ ನಿಂತಿತು.

"ನನಗೆ ನೆನಪಿರೋ ಹಾಗೆ ಇದು ಕಪ್ಪಗೇ ಇತ್ತು. ಅಷ್ಟು ವರ್ಷದ ಕಪ್ಪು. ನಮ್ಮಣ್ಣ ನೋಡಿದ ತಕ್ಷಣ ಹೊಸದು ಹಾಕಿಸಿದೀನಿ ಅಂತಾನೆ," ಎಂದರು.

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಹಳೆಯ ವಸ್ತುವಿನ ಕಪ್ಪಿಗೂ ಬೆಲೆಯಿದೆ ಎಂದು ನನಗೆ ತಿಳಿಯದ್ದೇನಲ್ಲ. ಆದರೆ ಹಿತ್ತಾಳೆ ಕಂಡರೆ ಬೆಳಗುವ ಕೈ ನನ್ನದು. ಏನಾದರೂ ಹಚ್ಚಿ ಮತ್ತೆ ಕಪ್ಪು ಮಾಡಿಕೊಡುತ್ತೇನೆ ಎಂದೆ. ಅಜ್ಜ ತಲೆಯಾಡಿಸಿದರು.

"ಬೇಡ. ಒಂದು ಸಲ ನಾನು ಕೇಳದೆ ಕೆಡಿಸಿದೆ, ಒಂದು ಸಲ ನೀನು. ಸಾಕು."

"ಕೇಳ್ಬಾರದಾಗಿತ್ತಾ ನೀವು?" ಎಂದಳು ಹೆಂಡತಿ. ಒಂದು ತಿಂಗಳು ಅಜ್ಜನ ಕಣ್ಣು ತಪ್ಪಿಸಿ ಓಡಾಡಿದೆ.

ಆದರೂ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಮ್ಮಿಬ್ಬರನ್ನೂ ಕರೆದರು. ಪುಳಿಯೋಗರೆ ಮಾಡಿಕೊಂಡು ಹೋದೆವು. ಅಣ್ಣ ಕಡ್ಡಿಯಂತೆ ನೆಟ್ಟಗಿದ್ದರು, ಬಂದಾಗಿನಿಂದ ಕೋಟು ಬಿಚ್ಚಿರಲಿಲ್ಲ. ಊಟವಾದ ಮೇಲೆ ಅಜ್ಜ ರೈಫಲನ್ನು ತಂದು ಅಣ್ಣನ ಮಡಿಲಲ್ಲಿ ಮಲಗಿಸಿ, ಸರಿಮಾಡಿದ್ದು ಇವನು ಎಂದು ನನ್ನನ್ನು ತೋರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಅಣ್ಣ ಮುಂಭಾಗದ ಮರವನ್ನು ಒಮ್ಮೆ ಸವರಿದರು, ಅಷ್ಟೇ. ನನ್ನ ಮೂರು ವಾರದ ಬೆಸುಗೆಯ ಕಡೆ ತಿರುಗಿಯೂ ನೋಡಲಿಲ್ಲ. ಸ್ವಾಮೀ, ಉಕ್ಕಿನ ಪಟ್ಟಿಯ ಕೆಳಗೆ ನೋಡಿ, ಎಂದು ಹೇಳಲು ಬಾಯಿ ತೆರೆದವನ ತೊಡೆಗೆ ಹೆಂಡತಿ ಚಿವುಟಿದಳು. ಅಣ್ಣ ಹಿಡಿಕೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹಿತ್ತಾಳೆ ಥಳಥಳ ಹೊಳೆಯಿತು. ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಉಜ್ಜಿದರು.

"ಅಪ್ಪ ಪ್ರತಿ ಭಾನುವಾರ ಇದನ್ನ ಹೀಗೇ ಬೆಳಗ್ತಿದ್ರು," ಎಂದರು. "ನೀನು ಇನ್ನೂ ಎದ್ದಿರ್ತಿರ್ಲಿಲ್ಲ. ಕೊಯ್ದ ಮೇಲೆ ಅವರು ಮತ್ತೆ ಮುಟ್ಟಲಿಲ್ಲ. ಕಪ್ಪಾಗೋದನ್ನ ನಾನು ನೋಡ್ತಾನೇ ಇದ್ದೆ."

ತಮ್ಮನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಅದರಲ್ಲಿ ಮುಚ್ಚಿಡುವುದೇನಿದೆ. ಅಣ್ಣ ಎದ್ದು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು.

"ಇವತ್ತಿನ ಟ್ರೈನ್ ಬೇಡ. ಭಾನುವಾರ ಇದನ್ನ ನಾವಿಬ್ಬರೂ ಕೂತು ಬೆಳಗಬೇಕು," ಎಂದು ತಮ್ಮನಿಗೆ ಹೇಳಿ, ನನ್ನತ್ತ ತಿರುಗಿದರು. "ಯಾವುದರಲ್ಲಿ ತಿಕ್ಕಿದೆ ನೀನು?"

ಬಾಯಲ್ಲಿ ಹೇಳುವಷ್ಟು ತಾಳ್ಮೆ ನನಗೆಲ್ಲಿ. ಜಾಕೆಟ್ಟೂ ಹಾಕಿಕೊಳ್ಳದೆ ಮನೆಗೆ ಓಡಿ, ಹುಣಸೆಹಣ್ಣಿನ ಡಬ್ಬವನ್ನೇ ಎತ್ತಿಕೊಂಡು ಬಂದೆ.