ಆಯಿಯ ಸೆರಗಿನ ಗಂಟು

ಆಯಿಯನ್ನು ಮಣ್ಣು ಮಾಡುವ ದಿನ ಏನೇನು ಕೆಡಬಹುದೆಂದು ನಾನು ಬೆಳಗಿನಿಂದಲೇ ಎಣಿಸಿಟ್ಟುಕೊಂಡಿದ್ದೆ. ಹುಮನಾಬಾದಿನಿಂದ ಬರುವ ಪಾದ್ರಿಗಳ ಮೋಟಾರು ರಾಜೇಶ್ವರದ ಹತ್ತಿರ ಕೈಕೊಡಬಹುದಿತ್ತು. ಕುಣಿಯಲ್ಲಿ ಬಂಡೆ ಹತ್ತಬಹುದಿತ್ತು, ಬಡಿಗ ಪೆಟ್ಟಿಗೆಯನ್ನು ಗೇಣು ಗಿಡ್ಡ ಮಾಡಬಹುದಿತ್ತು, ಮಳೆ ಹಿಡಿಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕುಣಿಯ ಅಂಚಿಗೆ ನಿಂತ ನನಗೇ ಮೂರ್ಛೆ ಬಂದು ಒಳಗೆ ಬೀಳಬಹುದಿತ್ತು. ಒಂದೂ ಆಗಲಿಲ್ಲ. ಕೆಟ್ಟದ್ದು ಒಂದೇ, ಅದೂ ಕಡಲೆಕಾಳಿನಷ್ಟು.

ಆಯಿಯ ಸೆರಗಿನ ಅಂಚು ಯಾವಾಗಲೂ ಮುದುಡಿರುತ್ತಿತ್ತು. ದಿನವಿಡೀ ಆಕೆ ಅದರಲ್ಲಿ ಗಂಟು ಹಾಕುತ್ತಿದ್ದಳು. ಕೋಳಿ ಮೊಟ್ಟೆಯಿಟ್ಟರೆ ಒಂದು, ಬಾವಿಗೆ ಬಿದ್ದ ಕೊಡ ಮೇಲೆ ಬಂದರೆ ಒಂದು. ದೀಪ ಹಚ್ಚುವ ಹೊತ್ತಿಗೆ ಓಣಿಯ ನಾವು ನಾಲ್ಕು ಮನೆ ಕ್ರೈಸ್ತರು ಆಕೆಯ ಪಡಸಾಲೆಯಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದೆವು. ಆಕೆ ಒಂದೊಂದೇ ಗಂಟು ಬಿಚ್ಚುತ್ತ, ಒಂದೊಂದಕ್ಕೂ ಕಾರಣ ಹೇಳಿ, ದೇವರಿಗೆ ಸ್ತೋತ್ರ ಮಾಡುತ್ತಿದ್ದಳು. ಆಕೆ ನನ್ನ ರಕ್ತಸಂಬಂಧಿಯಲ್ಲ. ಹಳ್ಳಿಹಳ್ಳಿಗೆ ನಡೆದು ಸುವಾರ್ತೆ ಹೇಳಿ ಕಾಲು ಸೋತ ವಿಧವೆ. ಸಾವಿರದ ಒಂಬೈನೂರ ಮೂವತ್ತೈದರ ಸುಮಾರಿಗೆ, ಈಗಿನ ಬಸವಕಲ್ಯಾಣವನ್ನು ನಾವು ಕಲ್ಯಾಣಿ ಎನ್ನುತ್ತಿದ್ದ ಕಾಲದಲ್ಲಿ, ತಂದೆತಾಯಿಯಿಲ್ಲದ ನಾನು ಮಾಸ್ತರನಾಗಿ ಅಲ್ಲಿಗೆ ಬಂದಾಗ ರೊಟ್ಟಿ ಹಾಕಿದವಳು. ಸದಾ ಚಿಂತೆ ಮಾಡುವ ನನ್ನನ್ನು ‘ಫಿಕರ್ ಮಾಸ್ತರ’ ಎಂದು ಕರೆದವಳೂ ಆಕೆಯೇ.

ನನ್ನ ದೊಡ್ಡ ಫಿಕರನ್ನು ಆಕೆಯೊಬ್ಬಳಿಗೇ ಹೇಳಿದ್ದೆ. ಚಿಕ್ಕಂದಿನಿಂದ ನನಗೆ ಮೂರ್ಛೆರೋಗವಿತ್ತು. ಆಗಲೇ ಎರಡು ವರ್ಷದಿಂದ ಬಂದಿರಲಿಲ್ಲ. ಆದರೆ ಇಂದು ಬಂದರೆ? ಮಕ್ಕಳೆದುರು ಬಂದರೆ? ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು ಪಿಸುದನಿಯಲ್ಲಿ ಪ್ರಾರ್ಥಿಸಿದ್ದಳು.

ಆ ವರ್ಷವೇ ಹುಮನಾಬಾದಿನಿಂದ ಹೆಣ್ಣಿನ ತಂದೆ ನನ್ನನ್ನು ನೋಡಲು ಬಂದರು. ಹುಡುಗಿಯನ್ನು ಅಲ್ಲಿಯ ಕ್ರೈಸ್ತ ಗುಡಿಯಲ್ಲಿ ಹಾಡುವಾಗ ಕಂಡಿದ್ದೆ. ಆಮೇಲೆ ಬೇರೆ ಯಾರನ್ನೂ ಹಾಗೆ ಕಂಡಿಲ್ಲ. ಊಟವಾಯಿತು, ಮಾತು ಕೂಡಿತು. ಹೊರಡುವ ಮುಂಚೆ ಪ್ರಾರ್ಥನೆ. ಆಯಿ ಕಣ್ಣು ಮುಚ್ಚಿ ಸೆರಗು ಹಿಡಿದಳು.

“ಹುಗ್ಗಿ ತಳಾ ಹತ್ತಲಿಲ್ಲ, ಸ್ತೋತ್ರ. ಬೀಗರ ಎತ್ತು ಹಾದ್ಯಾಗ ಕುಂಟಲಿಲ್ಲ, ಸ್ತೋತ್ರ. ನಮ್ಮ ಮಾಸ್ತರಗ ಮೂರ್ಛಿ ಬರಲಾರದ ಎರಡು ವರ್ಷ ಆತು, ತಂದೀ, ಸ್ತೋತ್ರ.”

ಬೀಗರಾಗಬೇಕಿದ್ದವರು ಪ್ರಾರ್ಥನೆಯ ನಡುವೆಯೇ ಕಣ್ಣು ತೆರೆದರು. ‘ಆಮೆನ್’ ಎನ್ನುವುದರೊಳಗೆ ಅವರ ಕಾಲು ಚಪ್ಪಲಿ ಹುಡುಕುತ್ತಿತ್ತು.

“ನಿನಗ ಒಬ್ಬಾಕಿಗೇ ಹೇಳಿದ್ನಲ್ಲ, ಆಯಿ!” ಎಂದೆ.

“ನಾನೂ ಒಬ್ಬಾತಗೇ ಹೇಳೀನಪಾ, ದೇವರಿಗೆ.”

“ದೇವರೇನು ಕಿವುಡನ? ಒದರೇ ಹೇಳಬೇಕಿತ್ತ?”

ಆಕೆಯ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ. “ಬೇಡೂಮುಂದ ಗುಟ್ಟಾಗಿ ಬೇಡಿದ್ವಿ. ಕೊಟ್ಟ ಮ್ಯಾಲೂ ಬಾಯಿ ಮುಚ್ಚಿಕೊಂಡ್ರ ನಾವು ಕಳ್ಳರಾದಂಗ, ಮಗಾ.”

“ಇನ್ನ ನನ್ನ ಸುದ್ದಿ ನಿನ್ನ ಬಾಯಾಗ ಬರಬಾರದು.”

ಆಕೆ ಸೆರಗಿನ ಅಂಚು ಕೈಗೆ ಸುತ್ತಿಕೊಂಡು ಅಂದಳು: “ಆತು. ಮಾತು ಕೊಟ್ಟೆ.”

ಆ ಮನೆಯವರು ತಿರುಗಿ ಬರಲಿಲ್ಲ. ಸುದ್ದಿ ಹರಡಿತು, ಬೇರೆಯವರೂ ಬರಲಿಲ್ಲ. ಇಂದಿಗೂ ನನ್ನ ರೊಟ್ಟಿ ನಾನೇ ಬಡಿದುಕೊಳ್ಳುತ್ತೇನೆ.

ಆದರೂ ಪ್ರಾರ್ಥನೆಗೆ ಒಂದು ದಿನವೂ ತಪ್ಪಲಿಲ್ಲ. ಭಕ್ತಿಯಿಂದಲ್ಲ, ಆಕೆ ಮಾತು ಮುರಿದಾಳೆಂದು ಕಾವಲು ಕೂಡಲು. ಮುರಿಯಲಿಲ್ಲ. ಬೆಕ್ಕಿಗೆ ಸ್ತೋತ್ರವಿತ್ತು, ಟಪಾಲಿನವನಿಗಿತ್ತು. ಕಣ್ಣು ಮಂಜಾದ ಆಕೆಗೆ ಬೈಬಲ್ ಓದಿ ಹೇಳುತ್ತಿದ್ದ ನನಗೆ ಮಾತ್ರ ಇರಲಿಲ್ಲ. ಬೇಡವೆಂದವನು ನಾನೇ, ಇಲ್ಲವೆಂದು ಉರಿದವನೂ ನಾನೇ. ದಿನದ ಮೊದಲ ಗಂಟನ್ನು ಮಾತ್ರ ಆಕೆ ಏನೂ ಹೇಳದೆ ಬಿಚ್ಚುತ್ತಿದ್ದಳು. ಯಾವುದಕ್ಕೆ ಹಾಕಿದ್ದೆಂದು ಮುದುಕಿ ಮರೆತಿರಬೇಕು ಎಂದು ಒಳಗೊಳಗೇ ನಗುತ್ತಿದ್ದೆ.

ಹೀಗೆ ಹನ್ನೊಂದು ವರ್ಷ. ಕೊನೆಯ ಜ್ವರದಲ್ಲಿ ಆಕೆಯ ಬೆರಳು ಮಡಚದಾದವು. ಒಂದು ಸಂಜೆ ಸೆರಗನ್ನು ನನ್ನ ಕಡೆ ಸರಿಸಿದಳು. ಹಾಗೂ ಹೀಗೂ ಹಾಕಿದ ಮೂರೇ ಗಂಟು.

“ನೀ ಬಿಚ್ಚು, ನಾ ಹೇಳ್ತೀನಿ. ಮೊದಲನೇದು ಸುಮ್ನ ಬಿಚ್ಚು.”

“ಯಾತಕ್ಕ ಹಾಕಿದ್ದಿ ಇದು?”

“ಹೇಳಂಗಿಲ್ಲ. ನಿನಗ ಮಾತು ಕೊಟ್ಟೇನಿ.”

ನನ್ನ ಕೈ ನಿಂತಿತು. ಹನ್ನೊಂದು ವರ್ಷ ನಾನು ಬೀಳದೆ ಕಳೆದ ಒಂದೊಂದು ದಿನಕ್ಕೂ ಒಂದೊಂದು ಗಂಟು, ನನ್ನ ಕಣ್ಣೆದುರೇ. ಮೊದಲು ನನ್ನ ಗುಟ್ಟನ್ನು ಬಿಟ್ಟುಕೊಟ್ಟವಳು ಈಗ, ನಾನು ಜತನದಿಂದ ಕಾಪಾಡಿಕೊಂಡು ಬಂದ ಸಿಟ್ಟಿಗೂ ಮೋಸ ಮಾಡಿದ್ದಳು. ಬೈಯಲು ಏನೂ ಉಳಿಸಲಿಲ್ಲ.

ಅವಸರದಲ್ಲಿ ತಪ್ಪು ಎಳೆ ಜಗ್ಗಿದೆ. ಗಂಟು ಬಿಗಿಯಿತು.

“ಇರಲಿ ಬಿಡು, ಫಿಕರ್ ಮಾಸ್ತರ,” ಅಂದಳು. “ನಾಳೆ ಬಿಚ್ಚೂಣು.” ಉಳಿದೆರಡನ್ನು ಬಿಚ್ಚಿಸಿಕೊಂಡಳು. ಗಂಜಿ ಗಂಟಲಿಳಿದದ್ದಕ್ಕೆ ಸ್ತೋತ್ರ, ಗಾಳಿ ಬೀಸಿದ್ದಕ್ಕೆ ಸ್ತೋತ್ರ. ಬೆಳಗಾಗುವಾಗ ಆಕೆ ಇರಲಿಲ್ಲ.

ಪಾದ್ರಿಗಳು ಹೊತ್ತಿಗೆ ಸರಿಯಾಗಿ ಬಂದರು. ಪೆಟ್ಟಿಗೆ ಅಳತೆಗೆ ಸರಿಹೋಯಿತು. ಮುಚ್ಚುವ ಮುಂಚೆ ನಾನು ಬಗ್ಗಿ ಅದೇ ಗಂಟಿನ ಸೆರಗು ಹಿಡಿದೆ, ಉಗುರಿನಿಂದ ಎಬ್ಬಿದೆ, ಕೊನೆಗೆ ಎಲ್ಲರೆದುರು ಹಲ್ಲೂ ಹಚ್ಚಿದೆ. ಬಡಿಗ ಮೊಳೆ ಹಿಡಿದು ಕಾಯುತ್ತಿದ್ದ.

ಗಂಟು ಬಿಚ್ಚಲಿಲ್ಲ.